ಎರಡು ಎಡತೋಳು

ಅಂಗಿಯ ಎಡತೋಳಿಗೆ ಕೈ ತೂರಿಸಿದ ಮಾಸ್ಟರ್, ಬಲತೋಳು ಬೆನ್ನ ಹಿಂದೆ ಜೋತುಬಿದ್ದಿರುವಾಗಲೇ ಮಂಚದ ಅಂಚಿನಲ್ಲಿ ಕುಳಿತುಬಿಟ್ಟ. ಕುಳಿತು ಎಷ್ಟು ಹೊತ್ತಾಯಿತೆಂದು ತಿಳಿಯಲಿಲ್ಲ. ಇನ್ನೊಂದು ಕೈಯನ್ನು ಹಿಂದಕ್ಕೆ ಒಯ್ಯಬೇಕು, ತೋಳಿನ ಬಾಯಿ ಹುಡುಕಬೇಕು, ತೂರಿಸಬೇಕು, ಆಮೇಲೆ ಏಳು ಗುಂಡಿ ಹಾಕಬೇಕು. ಮೂವತ್ತೊಂದು ವರ್ಷ ಊರವರ ಮೈಗೆಲ್ಲ ಬಟ್ಟೆ ಕತ್ತರಿಸಿಕೊಟ್ಟವನಿಗೆ ತನ್ನದೇ ಅಂಗಿಯ ಇನ್ನೊಂದು ತೋಳು ಇಷ್ಟು ದೂರ ಇರುತ್ತದೆಂದು ಗೊತ್ತಿರಲಿಲ್ಲ. ಅಡುಗೆಮನೆಯಿಂದ ಡಬ್ಬಿ ಮುಚ್ಚುವ ಸದ್ದು, ನಲ್ಲಿ ನಿಲ್ಲಿಸಿದ ಸದ್ದು, ಚಪ್ಪಲಿ ಎಳೆದುಕೊಂಡ ಸದ್ದು ಒಂದಾದ ಮೇಲೊಂದು ಬಂದವು. ಹೆಂಡತಿ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ, ಎಂಟಕ್ಕೆ ಹೊರಡುವವಳು. ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು, ನೇತಾಡುವ ತೋಳನ್ನೂ ನೋಡಿದಳು. "ಏನಾಯ್ತು ರೀ?" ಎಂದಳು. "ಏನಿಲ್ಲ" ಎಂದ. ಎಂಟು ತಿಂಗಳಿಂದ ಆ ಮನೆಯಲ್ಲಿ ಇಷ್ಟು ಸಲ ಬಳಕೆಯಾದ ಮಾತು ಬೇರೆ ಇರಲಿಲ್ಲ. ಅವಳು ಚೀಲ ಕೆಳಗಿಟ್ಟು ಬಂದು, ತೋಳನ್ನು ಹಿಡಿದು, ಅವನ ಕೈಯನ್ನು ಅದರೊಳಗೆ ಸೇರಿಸಿ, ಮೇಲಿನ ಎರಡು ಗುಂಡಿ ಹಾಕಿದಳು. ಅವಳ ಬೆರಳು ಬೆಚ್ಚಗಿದ್ದವು. ಅದಕ್ಕೇ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ತಿಂಡಿ ಮುಚ್ಚಿಟ್ಟಿದ್ದೇನೆಂದು ಹೇಳಿ ಅವಳು ಹೊರಟುಹೋದಳು.

ಇವತ್ತು ಗುರುವಾರ. ಹನ್ನೊಂದಕ್ಕೆ ಗಣಿತದ ಟೀಚರ್ ಟ್ರಯಲ್‌ಗೆ ಬರುತ್ತಾರೆ. ಅವರ ಕೋಟಿನ ಮೈ ಸಿದ್ಧವಿದೆ, ಕಾಲರ್ ಸಿದ್ಧವಿದೆ. ತೋಳುಗಳು ಮಾತ್ರ ಕಟಿಂಗ್ ಟೇಬಲ್ಲಿನ ಕೆಳಗೆ, ಚಿಂದಿ ತುಂಬಿದ ಪೆಟ್ಟಿಗೆಯ ತಳದಲ್ಲಿ, ಹಳೆಯ ಲೈನಿಂಗ್ ತುಂಡಿನಲ್ಲಿ ಸುತ್ತಿಕೊಂಡು ಮಲಗಿವೆ. ಎರಡೂ ಎಡಗೈಯವು. ಸೋಮವಾರ ಬಟ್ಟೆಯನ್ನು ಒಂಟಿ ಪದರ ಹಾಸಿ, ಕಾಗದದ ಅಚ್ಚನ್ನಿಟ್ಟು ಒಂದು ತೋಳು ಗುರುತು ಮಾಡಿದ. ಎರಡನೆಯದಕ್ಕೆ ಅಚ್ಚನ್ನು ಮಗುಚಬೇಕು. ಅದನ್ನು ಮಗುಚದೆ ಪಕ್ಕಕ್ಕೆ ಸರಿಸಿ, ಅದೇ ಮುಖದಲ್ಲಿ ಗೆರೆ ಎಳೆದು ಕತ್ತರಿಸಿದ. ಕೆಲಸ ಕಲಿಯಲು ಬಂದವರು ಮೊದಲ ವಾರ ಮಾಡುವ ತಪ್ಪು ಇದು, ಎರಡನೆಯ ವಾರ ಯಾರೂ ಮಾಡುವುದಿಲ್ಲ. ಎರಡು ಮೈಯೂ ಒಂದೇ ಆಗಿರುವ ಬಟ್ಟೆಯಾಗಿದ್ದರೆ ಒಂದನ್ನು ತಿರುಗಿಸಿ ಹೊಲಿದುಬಿಡಬಹುದಿತ್ತು. ಇದು ಹಾಗಲ್ಲ, ಹೊರಮೈ ನುಣುಪು, ಒಳಮೈ ಒರಟು ಒರಟು. ಅಂಗಡಿಯಲ್ಲಿ ಕೊಂಡ ಬಟ್ಟೆಯಾಗಿದ್ದರೆ ಇನ್ನೊಂದು ಮೀಟರ್ ತರಿಸಬಹುದಿತ್ತು. ಇದು ಟೀಚರ್ ತಂಗಿ ತನ್ನ ಮಗ್ಗದಲ್ಲಿ ನೇಯ್ದದ್ದು. ಆ ತಂಗಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ಬಟ್ಟೆ ಕೊಡುವ ದಿನ ಟೀಚರ್ ಅದನ್ನು ಟೇಬಲ್ಲಿನ ಮೇಲಿಟ್ಟು, "ಅವಳದು ಇದೇ ಕೊನೇದು. ನಿಮ್ಮ ಕೈಗೇ ಕೊಡಬೇಕು ಅಂತ ತಂದೆ" ಎಂದಿದ್ದರು. ನಿಮ್ಮ ಕೈಗೇ ಎಂಬ ಮಾತು ಆಮೇಲೆ ಅವನನ್ನು ಬಿಟ್ಟುಹೋಗಲಿಲ್ಲ.

ಸುಳ್ಳೊಂದನ್ನು ಅವನು ಆಗಲೇ ತಯಾರು ಮಾಡಿಟ್ಟುಕೊಂಡಿದ್ದ. ಕತ್ತರಿಸುವ ಮೊದಲು ನೀರಿಗೆ ಹಾಕಿದೆ ಟೀಚರ್, ಬಟ್ಟೆ ಕುಗ್ಗಿಬಿಟ್ಟಿತು, ತೋಳಿಗೆ ಸಾಲಲಿಲ್ಲ, ಕೈಮಗ್ಗದ್ದಲ್ಲವೇ, ನೂಲು ಸಡಿಲ ಇರುತ್ತದೆ. ಎಲ್ಲ ದರ್ಜಿಗಳೂ ಒಂದಲ್ಲ ಒಂದು ದಿನ ಆಡಿದ ಮಾತು, ಯಾರೂ ಪರೀಕ್ಷೆ ಮಾಡಿ ನೋಡಲಾರರು. ಮುಖ ತೊಳೆಯುತ್ತ ಅದನ್ನೇ ಒಂದು ಸಲ ಬಾಯೊಳಗೆ ಹೇಳಿಕೊಂಡ. ಸುಳ್ಳು ಲೀಲಾಜಾಲವಾಗಿ ಬಂತು, ಒಂದು ಕಡೆಯೂ ತಡವರಿಸಲಿಲ್ಲ. ಕನ್ನಡಿಯಲ್ಲಿ ಕಂಡ ಮುಖಕ್ಕೆ ಒಂದು ಬಾರಿಸಬೇಕೆನಿಸಿತು. ಕಣ್ಣಿಲ್ಲದ ಒಬ್ಬ ಹೆಂಗಸಿನ ಕೊನೆಯ ನೇಯ್ಗೆಯ ಮೇಲೆ ತಪ್ಪು ಹೊರಿಸುವುದಕ್ಕೆ ಸಿದ್ಧನಾದವನು ಯಾವ ಮಾಸ್ಟರ್? ಸುಳ್ಳು ಹೇಳಿ ಮುಗಿಸಿ, ಸಂಜೆ ಕತ್ತರಿಯನ್ನು ಒರೆಸಿ ಡ್ರಾಯರಿನಲ್ಲಿಟ್ಟು, ಇನ್ನು ನನ್ನಿಂದ ಆಗುವುದಿಲ್ಲವೆಂದು ಅಂಗಡಿಯ ಬಾಗಿಲು ಎಳೆದುಬಿಡುವುದು. ಅದನ್ನೂ ನಿಶ್ಚಯ ಮಾಡಿದ್ದ. ಆಮೇಲೆ ಏನು ಎಂಬುದರ ಕಡೆ ಮನಸ್ಸು ಹೋಗುತ್ತಿರಲಿಲ್ಲ. ಅಲ್ಲಿ ಬರೀ ಮಂಚ, ಗೋಡೆ, ಮಧ್ಯಾಹ್ನ.

ಉದ್ಯಾನದ ಗೇಟಿನ ಬಳಿ ಕಾಜಾ ಅಕ್ಕ ಬೆಳಗಿನ ನಡಿಗೆಗೆ ಕಾಯುತ್ತಿದ್ದಳು. ಆರು ವಾರಗಳಿಂದ ಒಂದು ದಿನವೂ ತಪ್ಪಿಸಿಲ್ಲ. ಅಂಗಡಿಯಲ್ಲಿ ಕಿಟಕಿಯ ಪಕ್ಕ ಕುಳಿತು ಕೋಟು, ಅಂಗಿಗಳಿಗೆ ಕೈಯಲ್ಲಿ ಕಾಜಾ ಹಾಕುವವಳು, ಗುಂಡಿ ತೂರುವ ಆ ಸಣ್ಣ ಬಾಯಿಗಳ ಸುತ್ತ ದಾರ ಸುತ್ತುವುದೇ ಅವಳ ಕಸುಬು. ಅವನಿಗಿಂತ ಎಂಟು ವರ್ಷ ಚಿಕ್ಕವಳು, ಆದರೂ ಎಲ್ಲರಂತೆ ಅವನೂ ಅಕ್ಕ ಎನ್ನುತ್ತಾನೆ, ಅವಳೂ ಹಿರಿಯಕ್ಕನ ಗತ್ತಿನಲ್ಲೇ ಓಗೊಡುತ್ತಾಳೆ. "ಹತ್ತು ನಿಮಿಷ ಲೇಟು. ಅಂದ್ರೆ ಇವತ್ತು ಕಷ್ಟದ ದಿನ" ಎಂದು ಹೇಳಿ ನಡೆಯತೊಡಗಿದಳು. ಹೌದಾ ಎಂದು ಕೇಳಲಿಲ್ಲ. ಅವಳ ಈ ಗುಣ ಅವನಿಗೆ ಬಹಳ ಹಿಡಿಸುತ್ತಿತ್ತು. ಉಳಿದವರಾದರೆ ಒಬ್ಬರ ಕಷ್ಟವನ್ನು ಒಪ್ಪಿಕೊಳ್ಳುವ ಮೊದಲು ಸಾಕ್ಷಿ ಕೇಳುತ್ತಾರೆ. ಇವಳು ಹವಾಮಾನದ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿಬಿಡುತ್ತಾಳೆ. ಆರು ವಾರದ ಹಿಂದೆ, ಹೊಲಿಯುವ ಇಬ್ಬರು ಟೀಗೆ ಹೋಗಿದ್ದಾಗ, ಅವನು ಕೈಯಲ್ಲಿ ಸೀಮೆಸುಣ್ಣ ಹಿಡಿದು ಬಟ್ಟೆಯ ಮುಂದೆ ಸುಮ್ಮನೆ ನಿಂತಿದ್ದಾಗ, ಅವಳು ಸೂಜಿಯಿಂದ ಕಣ್ಣು ತೆಗೆಯದೆ, "ಬೆಳಿಗ್ಗೆ ಎದ್ದ ತಕ್ಷಣ ಎದೆ ಮೇಲೆ ಯಾರೋ ಕೂತ ಹಾಗೆ ಆಗುತ್ತಾ ಮಾಸ್ಟ್ರೇ?" ಎಂದು ಕೇಳಿದ್ದಳು. ಏನಿಲ್ಲ ಎಂದಿದ್ದ. "ನಾನೂ ಹಂಗೇ ಅಂತಿದ್ದೆ. ಆರು ತಿಂಗಳು ತಲೆ ಬಾಚಿರಲಿಲ್ಲ, ಕೇಳಿದವರಿಗೆಲ್ಲ ಏನಿಲ್ಲ ಅಂತಿದ್ದೆ. ಜನ ನಂಬ್ತಾರೆ, ಅದೇ ಮಜಾ" ಎಂದಳು. ಅವಳು ನಕ್ಕಳು. ಇಂಥ ವಿಷಯ ಹೇಳಿ ನಗುವವರನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ.

ಡಾಕ್ಟರ ಬಳಿ ಅವನನ್ನು ಕರೆದುಕೊಂಡು ಹೋದವಳೂ ಅವಳೇ. ಹೊರಗಿನ ಬೆಂಚಿನ ಮೇಲೆ, ಯಾರದೋ ಅಂಗಿಗೆ ಕಾಜಾ ಹಾಕುತ್ತ ಕುಳಿತಿದ್ದಳು. ಡಾಕ್ಟರು ಹರೆಯದ ಹೆಂಗಸು, ಅವನ ಮಾತಿಗಿಂತ ಅವನ ಮೌನವನ್ನೇ ಹೆಚ್ಚು ಬರೆದುಕೊಂಡಂತಿತ್ತು. ಇದಕ್ಕೆ ಖಿನ್ನತೆ ಅಂತಾರೆ, ಇದು ಸೋಮಾರಿತನ ಅಲ್ಲ, ಹೇಡಿತನವೂ ಅಲ್ಲ ಎಂದರು. ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಬಿಸಿಲಲ್ಲಿ ನಡೆಯಿರಿ, ಹಗಲು ಮಲಗಬೇಡಿ, ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮನೆಯವರಿಗೆ ಹೇಳಿ, ವಾರಕ್ಕೊಮ್ಮೆ ಬಂದು ನನ್ನ ಹತ್ತಿರ ಮಾತಾಡಿ ಎಂದರು. ಅವನು ನಡೆದ. ಊಟ ಮಾಡಿದ. ಸಂಜೆಯ ನಾಲ್ಕು ಲೋಟ ಟೀಯನ್ನು ಒಂದಕ್ಕೆ ಇಳಿಸಿದ. ರಾತ್ರಿ ಮೂರು ತಾಸಿದ್ದ ನಿದ್ದೆ ಐದು ತಾಸಾಯಿತು. ಹೇಳಿದ್ದನ್ನೆಲ್ಲ ಒಳ್ಳೆಯ ವಿದ್ಯಾರ್ಥಿಯ ಹಾಗೆ ಮಾಡಿದ, ಮಾತೊಂದನ್ನು ಬಿಟ್ಟು. ಮಾತ್ರೆಗಳನ್ನು ಹೆಂಡತಿಗೆ ಕಾಣದಂತೆ ಅಂಗಡಿಯಲ್ಲಿ, ಅಳತೆ ಟೇಪಿನ ಡಬ್ಬಿಯಲ್ಲಿ ಬಚ್ಚಿಟ್ಟು, ಅಲ್ಲೇ ನುಂಗುತ್ತಿದ್ದ. ಡಾಕ್ಟರ ಎದುರು ಕುಳಿತಾಗ ಬಟ್ಟೆಯ ವಿಷಯ, ಬಿಸಿಲಿನ ವಿಷಯ ಮಾತಾಡಿ ಎದ್ದುಬರುತ್ತಿದ್ದ. ಕಾಲು ಹೇಳಿದ ಕಡೆ ಹೋಗುತ್ತದೆ, ನಾಲಿಗೆ ಹಾಗಲ್ಲ.

"ಮನೇಲಿ ಹೇಳಿದ್ರಾ?" ಉದ್ಯಾನದ ಎರಡನೆಯ ಸುತ್ತಿನಲ್ಲಿ ಅವಳು ಕೇಳಿದಳು. ದಿನವೂ ಕೇಳುವ ಪ್ರಶ್ನೆ. "ಹೇಳ್ತೀನಿ." ದಿನವೂ ಕೊಡುವ ಉತ್ತರ. ಮುಂದೆ ಒಬ್ಬ ಮುದುಕ ನಾಯಿಯನ್ನು ಎಳೆದುಕೊಂಡು ಹೋಗುತ್ತಿದ್ದ, ಅಥವಾ ನಾಯಿಯೇ ಅವನನ್ನು. ಮಾಸ್ಟರಿಗೆ ಥಟ್ಟನೆ ಅನ್ನಿಸಿತು, ಇವಳಿಗೆ ನಾನು ಏನು ಮಾಡಿದ್ದೇನೆಂದು ಇವಳಿಗೆ ನೆನಪಿಲ್ಲವೆ? ಹದಿನೆಂಟು ವರ್ಷದ ಹಿಂದೆ ಅವಳು ಕಾಜಾ ಹಾಕಲು ಬಂದವಳಲ್ಲ, ಕಟಿಂಗ್ ಕಲಿಯಲು ಬಂದವಳು. ಹೆಂಗಸರು ಕತ್ತರಿ ಹಿಡಿಯುವುದನ್ನು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಮೂರನೆಯ ದಿನ ಒಂದು ಅಂಗಿಗೆ ಎರಡೂ ಎಡತೋಳು ಕತ್ತರಿಸಿದ್ದಳು. ಅವನು ಅವನ್ನು ಎತ್ತಿ, ಅವಳ ಎರಡು ಭುಜಕ್ಕೂ ಪಿನ್ನು ಚುಚ್ಚಿ ನೇತುಹಾಕಿ, ಗಿರಾಕಿಗಳೆಲ್ಲ ಇರುವಾಗ, "ನಿಮಗೆ ಎರಡೂ ಎಡಗೈಯೇನಮ್ಮ? ತಿರುಗಿ ನಿಂತು ಎಲ್ಲರಿಗೂ ತೋರಿಸಿ" ಎಂದಿದ್ದ. ಹೊಲಿಯುವವರು ಪೆಡಲ್ ನಿಲ್ಲಿಸಿ ನಕ್ಕಿದ್ದರು. ಅವಳು ನಿಜವಾಗಿಯೂ ತಿರುಗಿ ನಿಂತಿದ್ದಳು. ಮಾರನೆಯ ದಿನದಿಂದ ಕಿಟಕಿಯ ಪಕ್ಕ ಕುಳಿತಳು, ಕತ್ತರಿಯ ಕಡೆ ಬರಲಿಲ್ಲ. ಅವನಿಗೆ ಇದು ಎಷ್ಟೋ ವರ್ಷ ಒಂದು ಒಳ್ಳೆಯ ಜೋಕಾಗಿಯೇ ನೆನಪಿತ್ತು. ಸೋಮವಾರದಿಂದ ಜೋಕಾಗಿ ಉಳಿದಿಲ್ಲ.

ಅಂಗಡಿಯ ಬಾಗಿಲೆತ್ತಿದ ಮೇಲೆ ಅವಳು ತನ್ನ ಜಾಗಕ್ಕೆ ಹೋಗಲಿಲ್ಲ. ಟೇಬಲ್ಲಿನ ಬಳಿ ಬಗ್ಗಿ, ಚಿಂದಿಯ ಪೆಟ್ಟಿಗೆಯ ತಳಕ್ಕೆ ನೇರವಾಗಿ ಕೈ ಹಾಕಿ, ಲೈನಿಂಗಿನ ಗಂಟನ್ನು ತೆಗೆದು ಮೇಲಿಟ್ಟಳು. "ಸೋಮವಾರಾನೇ ನೋಡಿದೆ" ಎಂದಳು. "ಕಾಜಾ ಹಾಕಿ ನೋಡೋಕೆ ಚಿಂದಿ ಬೇಕಿತ್ತು." ಈಗ ತನ್ನ ಸರದಿ ಬರುತ್ತದೆ ಎಂದುಕೊಂಡ. ಭುಜಕ್ಕೆ ಎರಡು ಪಿನ್ನು, ತಿರುಗಿ ನಿಲ್ಲಿ ಮಾಸ್ಟ್ರೇ. ಬರಲಿ ಎಂದೂ ಅನ್ನಿಸಿತು, ಬಂದರೆ ಲೆಕ್ಕ ಚುಕ್ತಾ ಆಗುತ್ತದೆ. ಅವಳು ಗಂಟು ಬಿಚ್ಚಿ ಎರಡೂ ತೋಳುಗಳನ್ನು ಅಂಗೈಯಿಂದ ನೇವರಿಸಿ ನೇರ ಮಾಡಿದಳು. "ಮೂರು ದಿನ ಒಬ್ರೇ ಹೊತ್ಕೊಂಡು ತಿರುಗಿದೀರಲ್ಲ" ಎಂದಳು. ಅಷ್ಟೇ. ಆ ಕ್ಷಣ ಅವನಿಗೆ ಅವಳ ಮೇಲೆ ಹುಟ್ಟಿದ್ದು ಬರೀ ಕೃತಜ್ಞತೆಯಲ್ಲ. ತಿರುಗಿ ಹೊಡೆಯಲು ಕೈಗೆ ಸಿಕ್ಕ ಕೋಲನ್ನು ಕೆಳಗಿಡುವ ಶಕ್ತಿ ಎಲ್ಲಿಂದ ಬರುತ್ತದೆ, ತನಗೆ ಅದು ಯಾವತ್ತಾದರೂ ಇತ್ತೇ ಎಂಬ ಬೆರಗು.

"ಬಟ್ಟೆ ಕುಗ್ಗಿತು ಅಂತ ಹೇಳೋಣ ಅಂತಿದ್ದೆ" ಎಂದ. ಎಂಟು ತಿಂಗಳಲ್ಲಿ ಅವನು ಆಡಿದ ಮೊದಲ ನಿಜವಾದ ಮಾತು ಇದು. "ಹೇಳಬಹುದು" ಎಂದಳು ಅವಳು. "ನಾನು ಬಾಯಿ ಬಿಡಲ್ಲ. ಆದ್ರೆ ಬಟ್ಟೆ ಕುಗ್ಗಿಲ್ಲ ಮಾಸ್ಟ್ರೇ, ಕುಗ್ಗಿರೋದು ನೀವು. ಅದನ್ನ ಹೇಳೋದಾದ್ರೆ ನಾನು ಪಕ್ಕದಲ್ಲಿ ನಿಂತಿರ್ತೀನಿ. ಹೇಳೋರು ನೀವೇ, ನಿಲ್ಲೋದು ಮಾತ್ರ ನನ್ನ ಕೆಲಸ." ನಿಮಗೆ ಹಾಗಾದಾಗ ಪಕ್ಕದಲ್ಲಿ ಯಾರು ನಿಂತಿದ್ದರು ಎಂದು ಕೇಳಿದ. ಅವಳು ಸ್ವಲ್ಪ ಯೋಚಿಸಿ, "ನಮ್ಮ ಓಣಿ ಕೊನೇಲಿ ಒಬ್ಬರು ನರ್ಸ್ ಇದ್ರು. ದಿನಾ ಬಂದು, ಎದ್ದು ಮುಖ ತೊಳಿ, ಆಮೇಲೆ ಬೇಕಾದ್ರೆ ಅಳು ಅಂತಿದ್ರು. ಕಾರಣ ಏನು ಅಂತ ಕೇಳದೇ ಇದ್ದೋರು ಅವರೊಬ್ಬರೇ. ಕಾರಣ ಇರಲೂ ಇಲ್ಲ ಅನ್ನಿ. ಹುಡುಕೋಕೆ ಹೋಗಿ ನನಗೆ ಇನ್ನೂ ಎರಡು ತಿಂಗಳು ದಂಡ" ಎಂದಳು. ಹಾಗಾದರೆ ಆ ಪಿನ್ನುಗಳು, ಎಂದು ಅವನ ನಾಲಿಗೆಯ ತುದಿಗೆ ಬಂತು. ಹೊಲಿಯುವ ಇಬ್ಬರು ಅಷ್ಟರಲ್ಲಿ ಬಂದು ಮಿಷನ್ನುಗಳಿಗೆ ಹೊದಿಸಿದ್ದ ಬಟ್ಟೆ ತೆಗೆದರು. ಮಾತು ನಾಲಿಗೆಯ ಮೇಲೆಯೇ ಉಳಿಯಿತು.

ಟೀಚರ್ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದರು. ತೋಳಿಲ್ಲದ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತು, ಬೆನ್ನು ನೋಡಿಕೊಂಡು, ಭುಜ ಚೆನ್ನಾಗಿ ಕೂತಿದೆ ಎಂದರು. ನಿಮ್ಮ ಕೈಗೇ ಕೊಡಬೇಕು ಅಂತ ಅಂದದ್ದು ಇದಕ್ಕೇ ಎಂದೂ ಸೇರಿಸಿದರು. "ತೋಳೆಲ್ಲಿ?" ಮಾಸ್ಟರಿಗೆ ಬೀದಿಯ ಸದ್ದು ದೂರವಾಯಿತು. ಸುಳ್ಳು ಬಾಯೊಳಗೆ ಅಚ್ಚುಕಟ್ಟಾಗಿ ಮಡಿಚಿಕೊಂಡು ಕೂತಿತ್ತು, ನೀರಿಗೆ ಹಾಕಿದೆ ಟೀಚರ್ ಎಂದು ಶುರು ಮಾಡಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಎಡಕ್ಕೆ ನೋಡಿದ. ಕಾಜಾ ಅಕ್ಕ ಕಿಟಕಿಯ ಬಳಿ ಇರಲಿಲ್ಲ, ಕೈಯಲ್ಲಿ ಸೂಜಿ ಹಾಗೇ ಹಿಡಿದು ಅವನ ಪಕ್ಕಕ್ಕೆ ಬಂದು ನಿಂತಿದ್ದಳು, ಅವನ ಕಡೆ ನೋಡದೆ, ಬಸ್ಸಿಗೆ ಕಾಯುವವರ ಹಾಗೆ. ಅವನು ಎರಡು ತೋಳುಗಳನ್ನೂ ತೆಗೆದು ಟೀಚರ ಮುಂದೆ ಹಾಸಿದ. "ಎರಡೂ ಎಡಗೈದು ಕತ್ತರಿಸಿಬಿಟ್ಟೆ ಟೀಚರ್. ಬಟ್ಟೇದು ತಪ್ಪಿಲ್ಲ. ನನ್ನದೇ" ಎಂದ. ಪೆಡಲುಗಳು ನಿಂತವು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ಒಮ್ಮೆ ತೆರೆದದ್ದು ಮುಚ್ಚಲಿಲ್ಲ. "ಎಂಟು ತಿಂಗಳಿಂದ ನನಗೆ ಸರಿ ಇಲ್ಲ. ನಿದ್ದೆ ಇಲ್ಲ. ಮನಸ್ಸಿನ ಕಾಯಿಲೆ ಅಂತ ಡಾಕ್ಟರು ಹೇಳಿದಾರೆ, ಮಾತ್ರೆ ತಗೋತಿದೀನಿ. ಯಾರಿಗೂ ಹೇಳಿರಲಿಲ್ಲ. ಆದ್ರೆ ತಪ್ಪು ಕಾಯಿಲೇದು ಅಂತ ಹೇಳ್ತಾ ಇಲ್ಲ, ನಾನು ಆವತ್ತು ಕತ್ತರಿ ಮುಟ್ಟಬಾರದಿತ್ತು."

ಟೀಚರ್ ತೋಳುಗಳನ್ನು ಎತ್ತಿಕೊಂಡು ಒಂದರ ಮೇಲೊಂದಿಟ್ಟು ನೋಡಿದರು. ಅಂಚಿಗೆ ಅಂಚು ಕೂತಿತು, ಅದೇ ತಪ್ಪು. ಅವರ ಮುಖ ಸಣ್ಣದಾಯಿತು. ಸಮಾಧಾನದ ಮಾತು ಬರುತ್ತದೆಂದು ಅವನು ನಿರೀಕ್ಷಿಸಿರಲಿಲ್ಲ, ಬರಲೂ ಇಲ್ಲ. "ನನಗೆ ಬೇಜಾರಾಗಿದೆ" ಎಂದರು, "ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ." ಸ್ಟೂಲಿನ ಮೇಲೆ ಕುಳಿತು ಬಟ್ಟೆಯ ಒಳಮೈಯನ್ನು ಹೆಬ್ಬೆರಳಿನಿಂದ ಸವರಿದರು. "ಮೂವತ್ತಾರು ವರ್ಷ ಮಕ್ಕಳ ಲೆಕ್ಕ ನೋಡಿದೀನಿ ಮಾಸ್ಟ್ರೇ. ತಪ್ಪು ಮಾಡಿದೋರು ನಿಲ್ಲೋ ರೀತಿ ಒಂದು, ಪಕ್ಕದವರದ್ದು ನೋಡಿ ಬರೆದೋರು ನಿಲ್ಲೋ ರೀತಿ ಇನ್ನೊಂದು. ನೀವು ಸರಿಯಾಗಿ ನಿಂತಿದೀರಿ. ಈಗ ಇದನ್ನ ಏನು ಮಾಡೋದು ಹೇಳಿ." ಮೂರು ದಿನದಿಂದ ಅವನು ಅಲ್ಲಿ ತನ್ನ ತಪ್ಪನ್ನಷ್ಟೇ ನೋಡಿದ್ದ, ಬಟ್ಟೆಯನ್ನು ನೋಡಿರಲಿಲ್ಲ.

"ಮೊಣಕೈ ಕೆಳಗೆ ಎಡ ಬಲ ಅಂತ ಇಲ್ಲ, ಅಲ್ವಾ ಮಾಸ್ಟ್ರೇ?" ಕಾಜಾ ಅಕ್ಕ ಕೇಳಿದಳು. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಸೂಜಿಯನ್ನು ತನ್ನ ರವಿಕೆಯ ತೋಳಿಗೆ ಚುಚ್ಚಿಕೊಂಡು ಮುಂದೆ ಬಂದಳು. "ವ್ಯತ್ಯಾಸ ಇರೋದು ಮೇಲುಗಡೆ, ಭುಜಕ್ಕೆ ಕೂರೋ ಕಡೆ ಮಾತ್ರ. ಉಳಿದಿರೋ ತುಂಡಲ್ಲಿ ಬಲಗೈಗೆ ಮೇಲ್ಭಾಗ ಬರುತ್ತೆ, ಸೋಮವಾರಾನೇ ಇಟ್ಟು ನೋಡಿದೆ. ಕೆಳಭಾಗ ಈ ಎರಡನೇ ತೋಳಿಂದ ತಗೋಬಹುದು. ಮೊಣಕೈ ಹತ್ತಿರ ಒಂದು ಜಾಯಿಂಟ್ ಬರುತ್ತೆ." ಮಾಸ್ಟರ್ ಉಳಿದ ತುಂಡನ್ನು ತರಿಸಿ ಅಚ್ಚನ್ನು ಇಟ್ಟು ನೋಡಿದ. ಸರಿಯಾಗಿತ್ತು. ಹೊಲಿಗೆಯ ಅಂಚಿಗೆ ಅರ್ಧ ಬೆರಳಷ್ಟೂ ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ. ಹದಿನೆಂಟು ವರ್ಷ ಕಿಟಕಿಯ ಬಳಿ ತಲೆ ತಗ್ಗಿಸಿ ಕುಳಿತವಳು ಕಾಜಾ ಮಾತ್ರ ನೋಡುತ್ತಿರಲಿಲ್ಲ. ಟೇಬಲ್ಲಿನ ಮೇಲೆ ನಡೆದದ್ದನ್ನೆಲ್ಲ ನೋಡುತ್ತಿದ್ದಳು, ಕಲಿಯುತ್ತಿದ್ದಳು, ಯಾರಿಗೂ ಹೇಳದೆ, ಯಾರ ಮೇಲೂ ಮುನಿಸಿಕೊಳ್ಳದೆ. ಇಂಥ ಮನಸ್ಸೊಂದು ಹತ್ತು ಹೆಜ್ಜೆ ದೂರದಲ್ಲಿ ಇತ್ತು, ಅದಕ್ಕೇ ತಾನು ಪಿನ್ನು ಚುಚ್ಚಿದ್ದ.

"ಜಾಯಿಂಟ್ ನನ್ನ ತಂಗಿ ಕೈಗೆ ಸಿಗುತ್ತೆ" ಎಂದರು ಟೀಚರ್. "ಅವಳು ಮುಟ್ಟಿಯೇ ನೋಡೋದು. ಯಾಕೆ ಅಂತ ಕೇಳ್ತಾಳೆ." ಒಂದು ಕ್ಷಣ ಬಿಟ್ಟು, "ಕೋಟು ಕೊಡೋಕೆ ಮನೆಗೆ ನೀವೇ ಬನ್ನಿ. ಅವಳಿಗೂ ನೀವೇ ಹೇಳಿ" ಎಂದರು. ಬರ್ತೀನಿ ಎಂದ. ಶಿಕ್ಷೆಯಂತೆ ಕೇಳಿಸಬೇಕಾದ ಮಾತು ಅವನಿಗೆ ಯಾಕೋ ಆಹ್ವಾನದಂತೆ ಕೇಳಿಸಿತು. ಟೀಚರ್ ಕೋಟು ಕಳಚಿಕೊಟ್ಟು ಹೋದರು. ಹೊಲಿಯುವವರಲ್ಲಿ ಹಿರಿಯವನು ಎದ್ದು ಬಂದು, ಏನು ಹೇಳುವುದೆಂದು ತಿಳಿಯದೆ, ಒಂದು ಲೋಟ ನೀರು ತಂದಿಟ್ಟು ಹೋದ. ಪೆಡಲುಗಳು ಮತ್ತೆ ಶುರುವಾದವು.

ಮಾಸ್ಟರ್ ಸೀಮೆಸುಣ್ಣ ಎತ್ತಿಕೊಂಡ. ತುಂಡಿನಲ್ಲಿ ಒಂದು ಎಳೆಯಷ್ಟೂ ಹೆಚ್ಚಿಗೆ ಇಲ್ಲ, ಇನ್ನೊಮ್ಮೆ ತಪ್ಪಿದರೆ ಇಲ್ಲಿಗೆ ಮುಗಿಯಿತು. ಸುಣ್ಣ ಕೆಳಗಿಟ್ಟು ಕತ್ತರಿಯನ್ನು ತಿರುಗಿಸಿ, ಹಿಡಿಯನ್ನು ಅವಳ ಕಡೆ ಚಾಚಿದ. "ನೀವು ಕತ್ತರಿಸಿ ಅಕ್ಕ. ಇವತ್ತು ನನ್ನ ಕೈ ಸರಿ ಇಲ್ಲ." ಅವಳು ಮುಟ್ಟಲಿಲ್ಲ. "ಹದಿನೆಂಟು ವರ್ಷದ ಹಿಂದೆ ನಾನು ನಿಮಗೆ ಮಾಡಿದ್ದು..." ಎಂದು ಶುರು ಮಾಡಿದ. ಮಿಷನ್ನಿನವರಿಗೆ ಕೇಳಿಸುತ್ತದೆಂದು ಗೊತ್ತಿತ್ತು, ದನಿ ತಗ್ಗಿಸಲಿಲ್ಲ, ಅವತ್ತೂ ತಗ್ಗಿಸಿರಲಿಲ್ಲ. "ತಪ್ಪಾಯ್ತು. ನಿಮಗೆ ಆ ಆರು ತಿಂಗಳು ಬಂದಿದ್ದು ನನ್ನಿಂದಾನಾ?" ಅವಳು ಇಲ್ಲವೆಂದು ತಲೆಯಾಡಿಸಿ ನಕ್ಕಳು. "ಅದರಿಂದಲ್ಲ. ಅಷ್ಟು ದೊಡ್ಡವರು ಅಂದ್ಕೋಬೇಡಿ." ಆಮೇಲೆ ನಗು ನಿಲ್ಲಿಸಿ, "ಆದ್ರೆ ನೋವಾಗಿತ್ತು. ಬಹಳ ನೋವಾಗಿತ್ತು" ಎಂದಳು. ಅವನು ಕತ್ತರಿಯನ್ನು ಹಾಗೇ ಚಾಚಿ ಹಿಡಿದಿದ್ದ. ಅವಳು ಕತ್ತರಿ ತೆಗೆದುಕೊಂಡಳು. ಅಚ್ಚನ್ನು ಬಟ್ಟೆಯ ಮೇಲಿಟ್ಟು, ಎತ್ತಿ, ಮಗುಚಿ, ಮತ್ತೆ ಇಟ್ಟಳು. "ಇದು ಬಲಗೈದೇ ತಾನೆ?" ದನಿಯಲ್ಲಿ ಮೂರನೆಯ ದಿನದ ಹುಡುಗಿ ಇನ್ನೂ ಇದ್ದಳು. ಅವನು ಬಗ್ಗಿ, ತನ್ನ ಬಲತೋಳನ್ನು ಅಚ್ಚಿನ ಪಕ್ಕದಲ್ಲಿ ಉದ್ದಕ್ಕೆ ಚಾಚಿ, ಭುಜದಿಂದ ಮಣಿಕಟ್ಟಿನವರೆಗೆ ನೋಡಿದ. "ಹೌದು ಅಕ್ಕ. ಬಲಗೈದೇ."

ಅವಳು ಕತ್ತರಿಸತೊಡಗಿದಾಗ ಅವನು ಟೇಬಲ್ಲಿಗೆ ಬೆನ್ನು ಹಾಕಿ ಬಾಗಿಲಿಗೆ ಬಂದ. ಬೇರೆಯವರು ಕತ್ತರಿಸುವಾಗ ಅವನು ಎಂದೂ ಹೀಗೆ ಬಿಟ್ಟು ಬಂದವನಲ್ಲ. ನಾಳೆ ಬೆಳಿಗ್ಗೆ ಮತ್ತೆ ಎದೆಯ ಮೇಲೆ ಅದೇ ಭಾರ ಕೂತಿರಬಹುದು, ಅಂಗಿಯ ಇನ್ನೊಂದು ತೋಳು ಮತ್ತೆ ದೂರವಾಗಬಹುದು. ಇರಲಿ, ಗೇಟಿನ ಬಳಿ ಒಬ್ಬರು ಇರುತ್ತಾರೆ. ಫೋನ್ ತೆಗೆದು ಹೆಂಡತಿಯ ಕಚೇರಿಗೆ ಮಾಡಿದ. ಈ ಹೊತ್ತಿಗೆ ಅವನು ಎಂದೂ ಫೋನ್ ಮಾಡುವವನಲ್ಲ. ಅತ್ತ ಕಡೆ ಟೈಪಿಂಗ್ ನಿಂತಿತು. "ಏನಾಯ್ತು ರೀ?" ಎಂದಳು ಅವಳು. ಏನಿಲ್ಲ ಎಂಬ ಮಾತು ಹಳೆಯ ಅಭ್ಯಾಸದಿಂದ ತುಟಿಗೆ ಬಂತು. ಅದನ್ನು ನುಂಗಿಕೊಂಡು, "ಒಂದು ವಿಷಯ ಹೇಳಬೇಕು. ಸ್ವಲ್ಪ ಉದ್ದ ಇದೆ. ಕೂತಿದೀಯಾ?" ಎಂದು ಕೇಳಿದ.

ಅತ್ತ ಕಡೆಯಿಂದ ಕುರ್ಚಿ ಎಳೆದ ಸದ್ದಾಗಲಿ, ಬಾಗಿಲು ಮುಚ್ಚಿದ ಸದ್ದಾಗಲಿ ಕೇಳಲಿಲ್ಲ. ಬೆನ್ನ ಹಿಂದೆ ಕತ್ತರಿ ಬಟ್ಟೆಯಲ್ಲಿ ನಿಧಾನವಾಗಿ ಮುಂದೆ ಹೋಗುತ್ತಿತ್ತು.

"ಎಂಟು ತಿಂಗಳಿಂದ ಕೂತೇ ಇದೀನಿ" ಎಂದಳು. "ಹೇಳಿ."